ಕೆಂಪನಂಜಪ್ಪನ ಹೊಸ ರೈಫಲ್ಲು

ಲೊಕ್ಕನಹಳ್ಳಿಯ ಕೆಂಪನಂಜಪ್ಪನಿಗೆ ಹೊಟ್ಟೆಕಿಚ್ಚು ಹತ್ತಿದ್ದು ತಾನು ಗೆದ್ದೆನೆಂದುಕೊಂಡ ದಿನವೇ. ಅವನೂ ಪಕ್ಕದ ಹೊಲದ ಸದಾಶಿವಪ್ಪನೂ ಬೆಳೆ ಕಾಯುವ ಕೋವಿಗೆಂದು ಒಟ್ಟಿಗೇ ಲೈಸೆನ್ಸು ಮಾಡಿಸಿ, ಕೊಳ್ಳೇಗಾಲದಲ್ಲಿ ಇಡ್ಲಿ ತಿಂದು, ಒಂದೇ ಬಸ್ಸಿನಲ್ಲಿ ಮೈಸೂರಿಗೆ ಹೋಗಿದ್ದರು. ಕೋವಿ ಅಂಗಡಿಯಲ್ಲಿ ಅವರ ಲೈಸೆನ್ಸಿಗೆ ಒಗ್ಗುವ ರೈಫಲ್ಲುಗಳು ಎರಡೇ ಇದ್ದವು. ಒಂದು ಆಗಷ್ಟೇ ಕಾರ್ಖಾನೆಯಿಂದ ಬಂದದ್ದು. ತೋಟಾ ತುಂಬುವ ಬೋಲ್ಟು ಎಳೆದರೆ ಎಣ್ಣೆ ಬಿಟ್ಟ ಚಿಲಕದ ಹಾಗೆ ಸರಿಯುತ್ತಿತ್ತು. ಇನ್ನೊಂದು ಮಿಲಿಟರಿಯವರು ಬಳಸಿ ಬಿಟ್ಟದ್ದು; ನಳಿಗೆ ಬದಲಿಸಿ ರೈತರ ಲೈಸೆನ್ಸಿಗೆ ಹೊಂದಿಸಿದ್ದರು. ಅದರ ಬೋಲ್ಟಿಗೆ ಅಂಗೈಯಿಂದ ಗುದ್ದಬೇಕಿತ್ತು. ಕೆಂಪನಂಜಪ್ಪ ಹಿಂದುಮುಂದು ನೋಡದೆ ಹೊಸದರ ಮೇಲೆ ಕೈ ಇಟ್ಟ. ಸದಾಶಿವಪ್ಪ ಹಳೆಯದನ್ನು ಎತ್ತಿಕೊಂಡ.

ಬೀಗುತ್ತ ಊರಿಗೆ ಬಂದ ಕೆಂಪನಂಜಪ್ಪನ ಮನೆಗೆ ಕೋವಿ ನೋಡಲು ಬಂದವರು ಬೆರಳೆಣಿಕೆಯ ಮಂದಿ. ಅವರೂ "ಚೆಂದಾಗದೆ" ಎಂದು ಕಾಫಿ ಕುಡಿದು ನೇರವಾಗಿ ಸದಾಶಿವಪ್ಪನ ಜಗಲಿಗೆ ಹೋದರು. ಅಲ್ಲಿ ಹಳೇ ರೈಫಲ್ಲಿನ ಮರದ ಹಿಡಿ ಯಾರಯಾರದೋ ಅಂಗೈ ತಾಗಿ ತಾಗಿ ಹುಣಸೆಬೀಜದಂತೆ ಮಿನುಗುತ್ತಿತ್ತು. ಅದರ ಮೇಲೊಂದು ಉದ್ದನೆಯ ಗೀರು. ಆ ಗೀರು ಹೇಗೆ ಬಿದ್ದಿರಬಹುದು ಎನ್ನುವುದರಲ್ಲೇ ಊರಿನ ಗಂಡಸರು ಒಂದಿಡೀ ಮಧ್ಯಾಹ್ನ ಕಳೆದರು. ಹೊಸದರಲ್ಲಿ ಗೀರಿರಲಿಲ್ಲ. ಗೀರೇ ಇಲ್ಲದ ವಸ್ತುವಿನ ಬಗ್ಗೆ ಏನಂತ ಮಾತಾಡುವುದು? ಕೆಂಪನಂಜಪ್ಪನೂ ಹೋಗಿ ಜನರ ಹಿಂದೆ ನಿಂತು ನೋಡಿದ. ಮುಟ್ಟಬೇಕೆನಿಸಿತು. ಮುಟ್ಟಿದರೆ ಸೋತಂತೆ ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಅಂದಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ಊರವರು ಕೂಗುತ್ತಿದ್ದುದು ಸದಾಶಿವಪ್ಪನನ್ನು. ಮಿಲಿಟರಿ ಕೋವಿಯ ಸದ್ದಿಗೆ ಕಾಡೇ ನಡುಗುತ್ತದಂತೆ. ಆಕಾಶಕ್ಕೆ ಹಾರಿಸುವ ಗುಂಡಿನಲ್ಲಿ ಹಳತೇನು, ಹೊಸತೇನು? ಆದರೆ ತಾನೇ ಬಿಟ್ಟುಕೊಟ್ಟ ವಸ್ತು ಇನ್ನೊಬ್ಬನ ಮನೆಯಲ್ಲಿ ಮೆರೆಯುವುದಿದೆಯಲ್ಲ, ಆ ಉರಿಗೆ ಮದ್ದಿಲ್ಲ. ಅವನಿಗೆ ಆ ಹಳೇ ಕೋವಿಯೇ ಬೇಕಿತ್ತು. ಅದು ಸಿಗುವುದಿಲ್ಲವೆಂದಾದರೆ, ಅದರ ಮಾನವಾದರೂ ಹೋಗಬೇಕಿತ್ತು.

ಹನೂರಿನ ಟೀ ಅಂಗಡಿಯಲ್ಲಿ ಒಂದು ದಿನ ಬಾಯಿಬಿಟ್ಟ. ಆ ಕೋವಿ ಯುದ್ಧದಲ್ಲಿ ಎಷ್ಟೋ ಜೀವ ತೆಗೆದಿದೆ, ಸತ್ತವರ ಉಸಿರು ಆ ಮರದಲ್ಲೇ ಕೂತಿದೆ, ಅಂಥದ್ದನ್ನು ಮಕ್ಕಳಿರುವ ಮನೆಗೆ ಸೇರಿಸಬಾರದು ಎಂದು ಮಾರಿದವನೇ ತನಗೆ ಗುಟ್ಟಾಗಿ ತಿಳಿಸಿದನೆಂದು ಹೇಳಿದ. ಎಲ್ಲವೂ ಕಟ್ಟುಕತೆ. ಅವನು ಬಸ್ಸು ಇಳಿಯುವ ಮೊದಲೇ ಮಾತು ಲೊಕ್ಕನಹಳ್ಳಿ ಸೇರಿತ್ತು. ಮನೆಯಲ್ಲಿ ಹೆಂಡತಿ ಶಿವರತ್ನಮ್ಮ ಕೇಳಿದಾಗಲೂ ಅದನ್ನೇ ಒಪ್ಪಿಸಿದ. ಸದಾಶಿವಪ್ಪನ ಜಗಲಿ ಬಿಕೋ ಎಂದಿತು. ಕೆಂಪನಂಜಪ್ಪ ಎಷ್ಟೋ ದಿನದ ಮೇಲೆ ಎರಡು ಮುದ್ದೆ ಉಂಡ.

ಆ ಸುಖ ಬಹಳ ದಿನ ಬಾಳಲಿಲ್ಲ. ಅಜ್ಜೀಪುರದ ಪುಟ್ಟಗೌರಮ್ಮ, ಮಕ್ಕಳಿಗೆ ಗಾಳಿ ಸೋಕಿದರೆ ಬಿಡಿಸುವ ಮುದುಕಿ, ಈ ಸುದ್ದಿ ಕೇಳಿ ಬೇರೆಯೇ ಲೆಕ್ಕ ಹಾಕಿದಳು. "ಅಷ್ಟು ಜೀವ ನುಂಗಿರೋದ್ರ ಮುಂದೆ ಯಾವ ಗಾಳಿ ನಿಂತಾತು?" ಎಂದು, ಹಗಲೂ ರಾತ್ರಿಯೂ ಕಿಟಾರನೆ ಕಿರುಚುತ್ತಿದ್ದ ಮೊಮ್ಮಗಳನ್ನು ಎತ್ತಿಕೊಂಡು ಬಂದು ಅವಳ ಹಣೆಯನ್ನು ಆ ನಳಿಗೆಗೆ ಮುಟ್ಟಿಸಿದಳು. ಕೂಸು ಸುಮ್ಮನಾಯಿತು. ಮುಗಿಯಿತಲ್ಲ! ಯಳಂದೂರಿನಿಂದ ಆಟೊ ಮಾಡಿಕೊಂಡು ಜನ ಬರತೊಡಗಿದರು. ಯಾರಿಗೂ ಇಲ್ಲವೆನ್ನಲಾರದ ಸದಾಶಿವಪ್ಪ ತೋಟಾಗಳನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಖಾಲಿ ಕೋವಿಯನ್ನು ಜಗಲಿಯ ಕಂಬಳಿ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದ. ಯಾರೋ ಅದಕ್ಕೆ ಅರಿಶಿನ ಕುಂಕುಮ ಇಟ್ಟರು.

ತಾನು ಹೆತ್ತ ಸುಳ್ಳು ಆಚೆಮನೆಯಲ್ಲಿ ಹೂ ಮುಡಿದು ಕೂತದ್ದನ್ನು ಕೆಂಪನಂಜಪ್ಪ ಸಹಿಸಲಾರದೆ ಹೋದ. ಒಂದು ಸಂಜೆ ಅಲ್ಲಿ ಜನ ಸೇರಿದ್ದನ್ನು ಕಂಡು, ಹೊಲದಲ್ಲಿ ಒಂದು ಹಂದಿಯೂ ಇಲ್ಲದಿದ್ದರೂ, ಹಿತ್ತಲಲ್ಲಿ ನಿಂತು ತನ್ನ ಹೊಸ ರೈಫಲ್ಲನ್ನು ಆಕಾಶಕ್ಕೆ ಹಾರಿಸಿದ. ಸದ್ದೇನೋ ಜೋರಾಗಿಯೇ ಬಂತು. ಜನ ಒಮ್ಮೆ ತಿರುಗಿ ನೋಡಿ ಮತ್ತೆ ಸಾಲಿಗೆ ತಿರುಗಿದರು. ಬಾಣಂತನಕ್ಕೆ ಬಂದಿದ್ದ ಮಗಳ ಕೂಸು ಮಾತ್ರ ತೊಟ್ಟಿಲಲ್ಲಿ ಬೆಚ್ಚಿಬಿದ್ದು, ಬೆಳಗಾಗುವವರೆಗೂ ಅತ್ತಿತು.

ಬೆಳಿಗ್ಗೆ ಶಿವರತ್ನಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. "ನಿಮ್ ಕೋವಿ ಬೆಚ್ಚಿಸ್ತು, ಆ ಕೋವಿ ಬುಡುಸ್ತದೆ. ನೀವೂ ಬನ್ನಿ" ಎಂದಳು. ಕೆಂಪನಂಜಪ್ಪ ಹಿಂದೆಯೇ ಹೋಗಿ ಸಾಲಿನಲ್ಲಿ ನಿಂತ.

ನಳಿಗೆಗೆ ಹಣೆ ತಾಗಿದ್ದೇ ಕೂಸು ನಿದ್ದೆ ಹೋಯಿತು. ರಾತ್ರಿಯೆಲ್ಲ ಅತ್ತ ಕೂಸು ಇನ್ನೇನು ಮಾಡೀತು ಎಂದು ಕೆಂಪನಂಜಪ್ಪ ಒಳಗೊಳಗೇ ಕುದಿದ. ಅಷ್ಟರಲ್ಲಿ ಸದಾಶಿವಪ್ಪ ಅವನ ಕೈ ಹಿಡಿದುಕೊಂಡ.

"ಅಣ್ಣ, ನಂಗೆ ಸಾಕಾಗೋಗದೆ. ಒಲಕ್ಕೂ ಓಗಂಗಿಲ್ಲ. ಅವತ್ತು ಅಂಗಡೀಲೇ ನಂಗೂ ಒಸದ್ರ ಮ್ಯಾಲೇ ಮನ್ಸಿತ್ತು, ನೀನು ಮೊದ್ಲು ಕೈ ಇಟ್ಟೆ ಅಂತ ಸುಮ್ನಾದೆ. ಡೀಸಿ ಆಪೀಸ್ಗೆ ಅರ್ಜಿ ಆಕಿ ಬದ್ಲಾಯಿಸ್ಕಳಾನ, ಏನಂತೀಯ?"

ಕೆಂಪನಂಜಪ್ಪ ಹಗಲುರಾತ್ರಿ ಹಂಬಲಿಸಿದ್ದು ತಾನಾಗಿಯೇ ಕಾಲ ಬಳಿಗೆ ಬಂದಿತ್ತು. ಅವನು ಹೂಂ ಅನ್ನುವ ಮೊದಲೇ ಶಿವರತ್ನಮ್ಮ ಅಡ್ಡ ಬಂದಳು.

"ಜೀವ ತೆಗ್ದಿರೋ ಕೋವಿ ನಮ್ಮನೆ ಒಳೀಕೆ ಬರಕೂಡ್ದು. ಮಕ್ಳಿರೋ ಮನೆ ಅಂತ ನೀವೇ ಅಂದಿದ್ರಲ್ಲ."

ಅವನು ಸಾಲಿನತ್ತ ನೋಡಿದ, ಮಿನುಗುವ ಮರದತ್ತ ನೋಡಿದ. ಕೊನೆಗೆ ಮಾನ ಬಿಟ್ಟ. "ಅದು ಸುಳ್ಳು ಕಣೆ. ಒಟ್ಟೆಕಿಚ್ಚಿಗೆ ನಾನೇ ಕಟ್ಟಿದ್ದು."

ಶಿವರತ್ನಮ್ಮ ಹೆಗಲ ಮೇಲಿನ ಕೂಸನ್ನು ನೋಡಿದಳು. "ಕೂಸು ಇಲ್ಲೇ ಮಲೀಕಂಡದೆ. ಒಟ್ಟೆಕಿಚ್ಚಿಗೆ ಸುಳ್ಳು ಏಳ್ತಿರೋದು ಈಗ" ಎಂದಳು. ಸಾಲಿನಲ್ಲಿದ್ದವರು ಹೌದೆಂದು ತಲೆದೂಗಿದರು.

ಅವನ ಮಾತನ್ನು ನಂಬಿದವನು ಸದಾಶಿವಪ್ಪ ಒಬ್ಬನೇ. ನಂಬಿದ್ದರಿಂದಲೇ ಹಿಡಿದಿದ್ದ ಕೈ ಬಿಟ್ಟ. ಬದಲಾಯಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಕೆಂಪನಂಜಪ್ಪ ಬಗ್ಗಿ, ಮೊಟ್ಟಮೊದಲ ಬಾರಿಗೆ, ಆ ಮರದ ಮೇಲೆ ಅಂಗೈ ಇಟ್ಟ. ಅವನು ಅಂದುಕೊಂಡದ್ದಕ್ಕಿಂತಲೂ ನುಣುಪಾಗಿತ್ತು.

"ಕೈ ತೆಗೀರಿ ಸಾ, ಇಂದೆ ಮಕ್ಳು ಅಳ್ತಾವೆ" ಎಂದಳು ಸಾಲಿನಲ್ಲಿದ್ದ ಯಳಂದೂರಿನ ಹೆಂಗಸೊಬ್ಬಳು.