ಬಾಗಿಲಿನ ಅಗಲ

ಗಾಲಿಕುರ್ಚಿ ಮತ್ತೊಮ್ಮೆ ಪುಟ್ಟ ಮನೆಯಂಥ ಟ್ರೇಲರಿನ ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿ ನಿಂತಿತು. ಕುರ್ಚಿ ಆ ಅಗಲದಲ್ಲಿ ಹಿಡಿಸುತ್ತಿತ್ತು, ಗಾಲಿ ತಿರುಗಿಸುವ ಅವಳ ಕೈಗಳು ಹಿಡಿಸುತ್ತಿರಲಿಲ್ಲ. ಬೆರಳಗಂಟುಗಳ ಚರ್ಮ ಸುಲಿದು ಎರಡೂ ಕಡೆಯ ಮರಕ್ಕೆ ರಕ್ತ ಹತ್ತಿತ್ತು. ಅವಳು ಹಲಗೆಯ ಇಳಿಜಾರಿನಲ್ಲಿ ಹಿಂದೆ ಸರಿದು ಮತ್ತೆ ಗಾಲಿ ಹಿಡಿದಳು. ಒಳಗಿನ ಮಂಚದ ಮೇಲೆ ಅವಳ ಗಂಡ, ಬಡಗಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ತಾನೇ ಕಟ್ಟಿದ ಗಾಡಿಯಲ್ಲಿ ಅವನ ಮೊದಲ ಪ್ರಯಾಣ, ಸ್ಮಶಾನಕ್ಕೆ.

“ಸಾಕು ಅತ್ತಿಗೆ. ನೀವು ಮನೇಲೇ ಇರಿ,” ಎಂದ ಬಡಗಿಯ ತಮ್ಮ.

“ಅವರು ಹೊರಟಿದ್ದಾರೆ, ನಾನು ಇಲ್ಲೇ ಕೂತಿರ್ಲಾ? ಇದು ನಮ್ಮಿಬ್ಬರಿಗೆ ಅಂತ ಕಟ್ಟಿದ ಗಾಡಿ ಕಣಪ್ಪಾ.”

ಎಳೆಯಬೇಕಾದ ಜೀಪು ಆಗಲೇ ಗುರುಗುಡುತ್ತಿತ್ತು. ಸ್ಮಶಾನದವರು ಕೊಟ್ಟ ಹೊತ್ತು ಮೀರುತ್ತಿತ್ತು.

*

ಆ ಬಡಗಿಯೆಂದರೆ ಸಾಮಾನ್ಯನಲ್ಲ. ಅವನು ಟೇಪು ಬಿಚ್ಚಿದರೆ ಸೊಟ್ಟ ಗೋಡೆಗಳು ಹೆದರಿ ತಾವಾಗಿಯೇ ನೆಟ್ಟಗಾಗುತ್ತಿದ್ದವು. ಅವನು ಕೂರಿಸಿದ ಬಾಗಿಲ ಸಂದಿಯಲ್ಲಿ ಸೊಳ್ಳೆಯೂ ಉಸಿರು ಬಿಗಿಹಿಡಿದು ಅಡ್ಡಡ್ಡ ನುಸುಳಬೇಕಿತ್ತು. ಇಡೀ ಭೂಮಂಡಲದಲ್ಲಿ ಅವನು ಅಳತೆ ತಪ್ಪಿದ್ದು ಒಂದೇ ಸಲ, ಅದೂ ಹೆಂಡತಿಯ ಬಾಗಿಲಿನಲ್ಲಿ.

ಗಾಡಿಯ ಪಕ್ಕಗೋಡೆ ಕೊರೆಯುವ ದಿನ ಅವನು ಖಾಲಿ ಕುರ್ಚಿಯ ಅಗಲ ಅಳೆದ, ಚೌಕಟ್ಟಿಗೆಂದು ಎರಡೂ ಕಡೆ ಜಾಗ ಸೇರಿಸಿದ, ಸೂರಿನ ಭಾರ ಹೊರಲು ಅಡ್ಡತೊಲೆ ಇಟ್ಟು ಅದರಡಿ ಕಂಬ ಬಿಗಿದ. ನಾನು ಕೂತ ಮೇಲೆ ಅಳೆಯಬಾರದೇ ಎಂದು ಅವಳು ಕೇಳಿದಳು. ನೀನು ಕೂತರೆ ಕುರ್ಚಿಯೇನು ಬಸುರಿಯಾಗುತ್ತದೆಯೇ ಎಂದು ಅವನು ನಕ್ಕ.

ಬಾಗಿಲು ಕೂತ ಮೇಲೆ ಅವಳ ಕೈ ತಾಗಿತು.

“ನಾನು ತಳ್ತೀನಿ. ನೀನು ಕೈಕಟ್ಕೊಂಡು ಮಹಾರಾಣಿ ಥರ ಕೂತ್ಕೊ.”

“ನನ್ನ ಯಾರೂ ತಳ್ಳಬೇಕಾಗಿಲ್ಲ. ಬಾಗಿಲು ಅಗಲ ಮಾಡಿ.”

ಕಂಬ ಕಿತ್ತರೆ ತನ್ನ ಮರ್ಯಾದೆಯೇ ಕುಸಿದಂತೆ ಎಂದು ಅವನು; ತಳ್ಳಿಸಿಕೊಂಡರೆ ತಾನೊಂದು ಸಾಮಾನಾದಂತೆ ಎಂದು ಅವಳು. ಸಮುದ್ರ ನೋಡಲು ಹೊರಡಬೇಕಿದ್ದ ಗಾಡಿ ಅಂಗಳದಲ್ಲೇ ಬೇರುಬಿಟ್ಟಿತು. ಬೀದಿಯ ಬೆಕ್ಕುಗಳೆಲ್ಲ ಅದರಡಿ ಸಂಸಾರ ಹೂಡಿ ಮರಿಮೊಮ್ಮಕ್ಕಳನ್ನೂ ಕಂಡವು. ನಿನ್ನೆ ಬೆಳಿಗ್ಗೆ ಅದೇ ಬಾಗಿಲಲ್ಲಿ ಅವನು ಕುಸಿದು ಬಿದ್ದಿದ್ದ. ಏನು ಮಾಡುತ್ತಿದ್ದನೆಂದು ಯಾರೂ ಕೇಳಲಿಲ್ಲ. ಅವನು ಯಾವಾಗಲೂ ಅಲ್ಲಿ ಏನಾದರೊಂದು ಕೆದಕುತ್ತಲೇ ಇರುತ್ತಿದ್ದ.

*

“ಆ ಕಂಬ ಕೊಯ್ದುಬಿಡಪ್ಪಾ,” ಎಂದಳು ಅವಳು. “ಕೈ ಮುಗೀತೀನಿ.”

“ಕೊಯ್ದ್ರೆ ಸೂರು ಅಣ್ಣನ ಮೇಲೇ ಕೂರುತ್ತೆ ಅತ್ತಿಗೆ.”

ಆದರೂ ಅವಳ ಬೆರಳುಗಳನ್ನು ನೋಡಲಾಗದೆ ಮೈದುನ ಒಳಗೆ ಹೋಗಿ ಕಂಬ ತಡವಿದ. ತಡವಿದವನು ಹಾಗೇ ನಿಂತ.

“ಇಲ್ಲಿ ಅಣ್ಣ ಆಗ್ಲೇ ಕೊಯ್ದಿದ್ದಾನೆ.”

ಕಂಬದ ಒಳಮೈಯಲ್ಲಿ ಗರಗಸದ ಗೀರು ಎರಡು ಬೆರಳಷ್ಟು ಇಳಿದು ನಿಂತಿತ್ತು. ಅದರಾಚೆ ಗೋಡೆಯ ಮೇಲೆ ಪೆನ್ಸಿಲಿನ ಹೊಸ ಗೆರೆ, ಬಾಗಿಲನ್ನು ಅವಳ ಮುಷ್ಟಿಗಳಷ್ಟೇ ಹಿಗ್ಗಿಸುವ ಗೆರೆ. ಮಂಚದಡಿ ಉಜ್ಜಿ ನುಣುಪಾಗಿಸಿದ ಹೊಸ ಕಂಬವೊಂದು ಕಾಯುತ್ತಿತ್ತು.

ಅವಳು ಕತ್ತು ಚಾಚಿ ಆ ಗೆರೆಯನ್ನು ನೋಡುತ್ತಲೇ ಇದ್ದಳು. ಜೀಪಿನ ಹಾರ್ನ್ ಕೇಳಿಸಿತು. ಗಾಲಿಗಳಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ತಳ್ಳು.”

ಕುರ್ಚಿ ಎಲ್ಲೂ ತಾಗದೆ ಒಳಗೆ ಹೋಗಿ ಮಂಚದ ಪಕ್ಕ, ಆ ಕಂಬದ ಬುಡದಲ್ಲೇ ನಿಂತಿತು. ಗಾಡಿ ಕುಲುಕಿ ಹೊರಟಾಗ, ಕೊಯ್ದ ಗೀರಿನಿಂದ ಮರದ ಪುಡಿ ಉದುರಿ ಅವಳ ಸುಲಿದ ಬೆರಳಗಂಟುಗಳಿಗೆ ಅಂಟಿಕೊಂಡಿತು. ಅವಳು ಕೈ ಕೊಡವಲಿಲ್ಲ.