ಕೋಪರ್ ಆದ ಮೇಲೆ

ಕಿಟಕಿಯ ಬಳಿ ಎದುರುಬದುರಾಗಿದ್ದ ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದನ್ನು ನಾಗವೇಣಿ ಎತ್ತಿಯೇಬಿಟ್ಟಿದ್ದಳು.

"ಅದು ಅಲ್ಲೇ ಇರ್ಲಿ," ಎಂದಳು ಜಯಲತಾ.

"ಅಕ್ಕ, ಪ್ರೇಮಣ್ಣನನ್ನು ಮಲಗಿಸ್ಲಿಕ್ಕೆ ಜಾಗ ಬೇಕಲ್ವಾ? ಆಸ್ಪತ್ರೆಯಿಂದ ಬಾಡಿ ಈಗ ತರ್ತಾರೆ."

"ಟಿವಿ ಸ್ಟ್ಯಾಂಡ್ ತೆಗಿ. ಕುರ್ಚಿ ಬೇಡ."

ಪಕ್ಕದ ಮನೆಯವಳು ಕುರ್ಚಿಯನ್ನು ಮತ್ತೆ ಅಲ್ಲೇ ಇಟ್ಟಳು. ಡೊಂಬಿವಲಿಯ ಆ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಜಾಗಕ್ಕೆ ಯಾವತ್ತೂ ಪರದಾಟವೇ. ಆದರೂ ಆ ಕುರ್ಚಿಗಳು ಮೂರು ವರ್ಷದಿಂದ ಕದಲಿರಲಿಲ್ಲ.

*

ಗಂಡನಿಗೆ ಮರೆವಿನ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು, "ತಲೆಗೆ ದಿನಾ ಏನಾದರೂ ಕೆಲಸ ಕೊಡಿ" ಎಂದಿದ್ದರು. ಪದಬಂಧ ಕೊಟ್ಟರೆ ಪ್ರೇಮನಾಥ ಅದರ ಮೇಲೆ ಚಹಾ ಲೋಟ ಇಟ್ಟರು. ಇಸ್ಪೀಟು ಕೊಟ್ಟರೆ ಜೇಬಿಗೆ ಹಾಕಿಕೊಂಡರು. ಠಾಣೆಯ ವರ್ತಕ ನಗರದ ಕಾರ್ಖಾನೆಗೆ ಮೂವತ್ತನಾಲ್ಕು ವರ್ಷ ಲೋಕಲ್ ರೈಲಿನಲ್ಲಿ ಓಡಾಡಿದ ಮನುಷ್ಯನಿಗೆ ಉಳಿದದ್ದು ಸ್ಟೇಷನ್ನುಗಳು ಮಾತ್ರ. ದಿನಾ ಸಂಜೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎದುರು ತಾನು ಕೂತು, ಜಯಲತಾ ಶುರುಮಾಡುತ್ತಿದ್ದಳು.

"ಠಾಣೆ."

"ಕಳವಾ," ಎನ್ನುತ್ತಿದ್ದರು ಅವರು.

"ಮುಂಬ್ರಾ."

"ದಿವಾ."

ಅವಳು "ಕೋಪರ್" ಎಂದದ್ದೇ ತಡ, ಮುಂದಿನದು ತಮ್ಮ ಸ್ಟೇಷನ್ ಎಂದು ಎದ್ದು ನಿಲ್ಲುತ್ತಿದ್ದರು. "ಡೊಂಬಿವಲಿ ಇಳಿತೀರಾ? ಇಲ್ಲದಿದ್ರೆ ಸ್ವಲ್ಪ ಬದಿಗೆ ನಿಲ್ಲಿ. ಮನೇಲಿ ಜಯ ಕಾಯ್ತಾ ಇರ್ತಾಳೆ."

ಎದುರಿಗಿದ್ದವಳು ಅವರ ಪಾಲಿಗೆ ಯಾರೋ ಪ್ರಯಾಣಿಕಳು. ಅವಳು ಬದಿಗೆ ಸರಿಯುತ್ತಿದ್ದಳು. ಡಾಕ್ಟರು ಹೇಳಿದ್ದು ಅವರ ತಲೆಗಾಗಿ. ಅವಳು ಆಡುತ್ತಿದ್ದುದು ತನ್ನ ಹೆಸರಿಗಾಗಿ. ಆ ಬಾಯಲ್ಲಿ ಅದು ಬೇರೆ ಹೊತ್ತಿನಲ್ಲಿ ಬರುತ್ತಲೇ ಇರಲಿಲ್ಲ. ಕೆಲವು ಸಂಜೆ ಆಸೆ ತಡೆಯಲಾರದೆ ಮೂರು ಮೂರು ಸಲ ಠಾಣೆಯಿಂದ ಹೊರಡುತ್ತಿದ್ದಳು.

ಒಂದು ದಿನ, "ಜಯ ನಾನೇ ಅಲ್ವಾ?" ಎಂದು ಕೇಳಿಯೂಬಿಟ್ಟಳು.

ಅವರು ಮರ್ಯಾದೆಯಿಂದಲೇ ನಕ್ಕರು. "ಇಲ್ಲ, ಅವಳು ಈ ರಶ್ಶಿನಲ್ಲಿ ಬರುವುದಿಲ್ಲ."

*

ಮಂತ್ರ ಮುಗಿಯಿತು. ಗಂಡಸರು ಚಟ್ಟವನ್ನು ಕೈಯಲ್ಲೇ ಎತ್ತಿ ಹಿಡಿದರು. ಜಯಲತಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಮ್ಮ, ಗಾಡಿ ಕೆಳಗೆ ನಿಂತಿದೆ," ಎಂದ ಮಗ ಸುನಿಲ. "ಥೋಡಾ ಸೈಡಿಗೆ ಬಾ."

"ಒಂದೇ ನಿಮಿಷ."

ಗಂಡನ ಕಿವಿಯ ಹತ್ತಿರ ಬಾಗಿ, ಇಬ್ಬರ ಪಾಲಿನದನ್ನೂ ತಾನೇ ಹೇಳಿದಳು. "ಠಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್."

ಅಲ್ಲಿಗೆ ನಿಲ್ಲಿಸಿ ಕಾದಳು. ಭಾರ ಹಿಡಿದವರೂ ಯಾಕೆಂದು ತಿಳಿಯದೆ ಕಾದರು. ಮೆಟ್ಟಿಲಲ್ಲಿ ಯಾರೋ ಕೆಮ್ಮಿದರು.

ಆಮೇಲೆ ಜಯಲತಾ ಸೆರಗು ಸಾವರಿಸಿಕೊಂಡು, ಬಾಗಿಲಿನಿಂದ ಬದಿಗೆ ಸರಿದು, ಇಳಿಯುವವರಿಗೆ ದಾರಿ ಬಿಟ್ಟು ನಿಂತಳು.