ಅಜೀಜಾಬಿ ತೊಳೆದಿಟ್ಟ ಪಾತ್ರೆ

ಅಜೀಜಾಬಿ ಪಾತ್ರೆಯನ್ನು ಮೂರನೆಯ ಸಲ ತೊಳೆದು, ಬಿಸಿಲಿಗೆ ಹಿಡಿದು, ಒಳಗೆ ಒಂದು ಕಲೆಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಅದರಲ್ಲಿದ್ದುದನ್ನು ಆಗಲೇ ದವಾಖಾನೆಯ ಹಿತ್ತಲಿನ ಬೇವಿನ ಬುಡಕ್ಕೆ ಚೆಲ್ಲಿ ಬಂದಿದ್ದಳು. ಡಾಕ್ಟರು ಬರುವ ಹೊತ್ತಾಗಿತ್ತು. ಗಡಬಡಿಸಿ ಒಳಗೆ ಬಂದು, ಪಾತ್ರೆಯನ್ನು ಸೊಸೆ ಖುರ್ಷಿದಳ ಮಂಚದ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ನಿಂತಳು.

ಎಪ್ಪತ್ತೇಳನೆಯ ಇಸವಿಯ ಜೋಳದ ರಾಶಿಯ ದಿನಗಳು. ಹನ್ನೆರಡು ದಿನದ ಹಿಂದೆ ಯಡ್ರಾಮಿ ಕಡೆಯ ಹೊಲದಲ್ಲಿ ಖುರ್ಷಿದಳಿಗೆ ಹಾವು ಕಚ್ಚಿತ್ತು. ವಿಷ ಇಳಿಯಿತು, ಆದರೆ ಮೂತ್ರ ನಿಂತಿತು. ಮೈ ಊದಿ, ಮಾತು ತೊದಲಿ, ಹುಡುಗಿ ಇನ್ನು ದಕ್ಕುವುದಿಲ್ಲವೆಂದು ಬೀಗರು ಬಿಜ್ಜರೆಲ್ಲ ಅತ್ತು ಮುಗಿಸಿದ್ದರು. ಜೇವರ್ಗಿಯಲ್ಲಿ ದೌಲತರಾಯ ಎಂಬ ಡಾಕ್ಟರು ಇರದಿದ್ದರೆ ಅವರು ಅತ್ತದ್ದೂ ದಂಡವಾಗುತ್ತಿರಲಿಲ್ಲ.

ದೌಲತರಾಯರು ಮುಂಬಯಿಯಲ್ಲಿ ಓದುವಾಗ ಕೃತಕ ಮೂತ್ರಪಿಂಡವನ್ನು ಕಂಡು ಮರುಳಾದವರು. ಊರಿಗೆ ಬಂದು ಆರು ವರ್ಷ ತಲೆ ಕೆಡಿಸಿಕೊಂಡು ತಾವೇ ಒಂದನ್ನು ಕಟ್ಟಿದ್ದರು. ತಗಡಿನ ಕೆಲಸದ ಗೌಸಮೊಹಿದ್ದೀನ ಮಾಡಿಕೊಟ್ಟ ಸ್ಟೀಲಿನ ಪೀಪಾಯಿ, ಅದರ ತುಂಬ ಲವಣ ಬೆರೆಸಿದ ನೀರು, ನೀರಿನೊಳಗೆ ಸುರುಳಿ ಸುತ್ತಿದ ತೆಳ್ಳನೆಯ ಕೊಳವೆ. ಮೈಯಿಂದ ಹೊರಟ ರಕ್ತ ಆ ಸುರುಳಿಯಲ್ಲಿ ತಿರುಗಾಡಿ, ಹೊಲಸು ಬಿಟ್ಟು, ಮತ್ತೆ ಮೈ ಸೇರಬೇಕು. ಮೊದಲು ಯಂತ್ರಕ್ಕೆ ಹಚ್ಚಿದ ಇಬ್ಬರು ಉಳಿದಿರಲಿಲ್ಲ. ಖುರ್ಷಿದಳಿಗೆ ಮೂರು ಸಲ ಹಚ್ಚಿದರು. ಮೂರನೆಯ ಸಲ ಮುಗಿದಾಗ ಅವಳು ಅತ್ತೆಯ ಗುರುತು ಹಿಡಿದು ಚಹಾ ಕೇಳಿದಳು. ಅಂದಿನಿಂದ ಅಜೀಜಾಬಿ ಐದು ಹೊತ್ತಿನ ನಮಾಜಿನಲ್ಲೂ ಡಾಕ್ಟರ ಹೆಸರು ಹಿಡಿದು ದುವಾ ಬೇಡುತ್ತಿದ್ದಳು.

ಆದರೆ ಸಲಕ್ಕೊಂದು ಬೇಕಾಗುವ ಆ ಕೊಳವೆ ಮುಗಿದುಹೋಗಿತ್ತು. ಹೊಸದು ಮುಂಬಯಿಯಿಂದ ಬರಲು ತಿಂಗಳಾದರೂ ಬೇಕು.

"ಇನ್ನ ಇಕಿ ಕಿಡ್ನಿ ತಾನಾಗೇ ಎಚ್ಚರಾಗಬೇಕವ್ವಾ," ಎಂದಿದ್ದರು ಡಾಕ್ಟರು. "ಪಾತ್ರಿ ಇಡ್ರಿ. ಒಂದ್ ಹನಿ ಬಂದ್ರೂ ನನಗ ತೋರಸ್ರಿ."

ತೋರಿಸುವುದೆ! ಸೊಸೆಯನ್ನು ಸಾವಿನ ಬಾಯಿಂದ ಎಳೆದು ತಂದ ಮನುಷ್ಯನ ಮುಂದೆ ಅಂಥದ್ದನ್ನು ಹಿಡಿಯುವುದಕ್ಕೆ ಅಜೀಜಾಬಿಯ ಕೈ ಏಳಲಿಲ್ಲ. ಯಂತ್ರ ತನ್ನ ಕೆಲಸ ಮುಗಿಸಿದೆ, ಸೊಸೆ ಚಹಾ ಕುಡಿದಿದ್ದಾಳೆ, ಇನ್ನೇನು ನೋಡುವುದಿದೆ? ಅವರು ಬರುವಷ್ಟರಲ್ಲಿ ಎಲ್ಲ ಪಾಕ್ ಆಗಿರಬೇಕು ಎನ್ನುವುದೊಂದೇ ಅವಳ ಹಟ.

ದೌಲತರಾಯರು ಬಂದರು. ಬಗ್ಗಿ ಪಾತ್ರೆ ಎಳೆದು ನೋಡಿದರು. ಫಳಫಳ ಹೊಳೆಯುತ್ತಿತ್ತು.

"ಇವತ್ತೂ ಇಲ್ಲೇನ್ರಿ?"

"ಪಾತ್ರಿ ಸ್ವಚ್ಛ ಅದರಿ ಸಾಬ್ರ," ಎಂದಳು ಅಜೀಜಾಬಿ, ನೆಲ ನೋಡುತ್ತ.

ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತರು. "ನನ್ನ ಕೈಲೆ ಆಗೋದೆಲ್ಲಾ ಮುಗೀತವ್ವಾ. ರೈಲಿಗಿ ಹಾಕಿ ಮುಂಬಯಿಗಿ ಕಳಸ್ತೇನಿ. ಆದ್ರ ದಾರ್ಯಾಗ ಏನಾರ ಆದ್ರ..." ಎಂದವರು ಮುಂದಿನದನ್ನು ನುಂಗಿಕೊಂಡರು. ಅವರ ಕಣ್ಣು ತೇವವಾಗಿತ್ತು.

ತಾನು ಚೆಲ್ಲಿದ್ದು ಏನೆಂದು ಅಜೀಜಾಬಿಗೆ ಆಗ ಹೊಳೆಯಿತು. ಖುರ್ಷಿದ ಗೋಡೆಯ ಕಡೆ ಹೊರಳಿ, "ಹೇಳ್ರಿ ಅಮ್ಮಾ," ಎಂದು ಗೊಣಗಿದಳು.

"ಬಂದದರಿ ಸಾಬ್ರ. ನಿನ್ನಿ ಸಂಜಿಗೂ ಬಂತು, ಇವತ್ ಮುಂಜಾನಿನೂ ಬಂತು. ನಿಮಗ ಹ್ಯಾಂಗ ತೋರಸಲಿ ಅಂತ ಬೇವಿನ ಗಿಡಕ್ಕ ಚೆಲ್ಲಿ ಬಂದೀನ್ರಿ."

"ಎಷ್ಟಿತ್ತು?"

"ನಿನ್ನಿ ಒಂದ್ ಬೊಗಸಿ. ಇವತ್ತು ಅರ್ಧ ಚರಗಿ."

ಡಾಕ್ಟರು ಎದ್ದು ನಿಂತರು. ಬಯ್ಯುತ್ತಾರೆಂದು ಅಜೀಜಾಬಿ ತಲೆ ಬಗ್ಗಿಸಿದಳು. ಅವರು ಮಾತ್ರ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. "ಆರು ವರ್ಷದಿಂದ ಅದನ್ನೇ ಕಾಯಾಕತ್ತೇನವ್ವಾ! ನೀವು ನೋಡಿದ್ರ ಗಿಡಕ್ಕ ಹಾಕಿ ಬಂದೀರಿ!"

ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಖುರ್ಷಿದ ಅತ್ತೆಯನ್ನು ಕೂಗಿದಳು. ಸ್ವಲ್ಪ ಹೊತ್ತಿಗೆ ಅಜೀಜಾಬಿ ಪಾತ್ರೆಗೆ ಮಡಿಚಿದ ಬಿಳಿ ವಸ್ತ್ರ ಮುಚ್ಚಿಕೊಂಡು ಹೊರಗೆ ಬಂದಳು. ದೌಲತರಾಯರು ಕುರ್ಚಿಯಿಂದೆದ್ದು ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡರು. ಕಿಟಕಿಯ ಬೆಳಕಿನಲ್ಲಿ ಗೆರೆ ಹಾಕಿದ ಗಾಜಿನ ಅಳತೆಯ ಲೋಟಕ್ಕೆ ನಿಧಾನವಾಗಿ ಸುರಿದರು. ನಾಚಿ ಮುಖ ತಿರುಗಿಸಿದ್ದ ಅಜೀಜಾಬಿ ಸೆರಗಿನ ಸಂದಿಯಿಂದ ಇಣುಕಿ, ತುಟಿಯಲ್ಲೇ ಒಂದೊಂದಾಗಿ ಗೆರೆಗಳನ್ನು ಎಣಿಸುತ್ತಿದ್ದಳು.